ಜನಯುದ್ಧ ಎಂಬ ಪದ

1939ರ ಅಕ್ಟೋಬರ್ 2ರಂದು ಮುಂಬಯಿಯ ಸುಮಾರು 90 ಸಾವಿರ ಕಾರ್ಮಿಕರು ಒಂದು ದಿನ ಕೆಲಸ ನಿಲ್ಲಿಸಿದರು. ಕೂಲಿಗಾಗಿ ಅಲ್ಲ, ಯುದ್ಧದ ವಿರುದ್ಧ. ಕರೆ ಕಮ್ಯುನಿಸ್ಟರದು. ಮೂರು ವರ್ಷ ತುಂಬುವ ಮೊದಲೇ ಅದೇ ಪಕ್ಷ ಅದೇ ಕಾರ್ಮಿಕರಿಗೆ ಮುಷ್ಕರ ಬೇಡ, ಉತ್ಪಾದನೆ ನಿಲ್ಲಬಾರದು ಎಂದಿತು.

ಈ ತಿರುವು ನಮ್ಮ ಮನೆಯಲ್ಲಿ ಬರೀ ಇತಿಹಾಸವಾಗಿರಲಿಲ್ಲ. ಕರಾವಳಿಯಿಂದ ಬಂದು ಲಾಲ್‌ಬಾಗಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಓದುತ್ತ ಕೆಂಬಾವುಟ ಹಿಡಿದವರು ನನ್ನ ದೊಡ್ಡಪ್ಪ. ಅವರ ಹಿಂದೆಯೇ ಬಂದ ಅಪ್ಪ ಖಾದಿಯವರು. 1942ರಲ್ಲಿ ಕರಪತ್ರ ಹಂಚಿ ಆರು ತಿಂಗಳು ಒಳಗಿದ್ದು ಬಂದರು. ಒಂದೇ ಖೋಲಿ, ಒಂದೇ ಒಲೆ, ಮಾತಿಲ್ಲ. ಆ ಮೌನ ಎಷ್ಟು ವರ್ಷ ನಡೆಯಿತೆಂದು ಅಮ್ಮನಿಗಷ್ಟೇ ಗೊತ್ತು.

ದೊಡ್ಡಪ್ಪನ ಲೆಕ್ಕ ಸರಳ. ಯುದ್ಧ ಶುರುವಾದಾಗ ಅದು ಎರಡು ಸಾಮ್ರಾಜ್ಯಗಳ ಪಾಲುಪಟ್ಟಿಯ ಜಗಳ. ಬಡವನು ಅದರಲ್ಲಿ ಯಾಕೆ ಸಾಯಬೇಕು? 1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ನೆಲಕ್ಕೆ ನುಗ್ಗಿದ ಮೇಲೆ ಕಾರ್ಮಿಕರ ರಾಜ್ಯವೇ ಅಪಾಯದಲ್ಲಿತ್ತು. ಆದ್ದರಿಂದ ಅದು ಜನಯುದ್ಧ. ವರ್ಷದ ಕೊನೆಯ ಹೊತ್ತಿಗೆ ಪಕ್ಷವೂ ಅಲ್ಲಿಗೇ ಬಂದಿತ್ತು. 1942ರ ಜುಲೈಯಲ್ಲಿ ಸರ್ಕಾರ ಪಕ್ಷದ ಮೇಲಿನ ನಿಷೇಧ ತೆಗೆಯಿತು. ಎರಡೇ ವಾರ ಕಳೆದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ‘ಕ್ವಿಟ್ ಇಂಡಿಯಾ’ ನಿರ್ಣಯ.

ಅಲ್ಲಿ ವಿರುದ್ಧ ಮತ ಹಾಕಿದವರು ಹದಿಮೂರು ಜನ. ಗಾಂಧೀಜಿ ತಮ್ಮ ಭಾಷಣದಲ್ಲಿ ಆ ಹದಿಮೂರು ಮಂದಿಯನ್ನು ಅಭಿನಂದಿಸಿದರು. ಅಪ್ಪನಿಗೆ ಈ ಸಂಗತಿ ಹೇಳಿದರೆ, ‘ಅವರು ಮಹಾತ್ಮ, ನಾನಲ್ಲ’ ಎಂದು ಪೇಪರಿನೊಳಗೆ ಮುಖ ಹಾಕುತ್ತಿದ್ದರು.

ಫ್ಯಾಸಿಸಂ ಬಗ್ಗೆ ಕಮ್ಯುನಿಸ್ಟರು ತಪ್ಪಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಆದರೆ ಜನರ ಯುದ್ಧವೆಂದ ಮೇಲೆ ಇಲ್ಲಿನ ಜನರನ್ನೂ ಒಂದು ಮಾತು ಕೇಳಬೇಕಿತ್ತಲ್ಲ? ಯುದ್ಧದ ಹೆಸರನ್ನು ಮಾಸ್ಕೋದ ಗಡಿಯಾರ ನೋಡಿ ಬದಲಿಸಿದಂತಾಯಿತು. ಹಾಗೆಂದು ಅವರನ್ನು ಬ್ರಿಟಿಷರ ಏಜೆಂಟರೆಂದು ಕರೆಯುವುದು ನನ್ನಿಂದಾಗದು. ಅದಕ್ಕೆ ಕಯ್ಯೂರು ಕಾರಣ.

ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಹಳ್ಳಿ. ಜಮೀನ್ದಾರರ ವಿರುದ್ಧ ರೈತ ಸಂಘ ಕಟ್ಟಿಕೊಂಡಿದ್ದ ಊರು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ಎದುರು ಸಿಕ್ಕ ಪೊಲೀಸನೊಬ್ಬ ಹೊಳೆಗೆ ಬಿದ್ದು ಸತ್ತ. ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರಿಗೆ ಗಲ್ಲು ಶಿಕ್ಷೆಯಾಯಿತು. ಐದನೆಯವನಿಗೆ ವಯಸ್ಸಾಗಿರಲಿಲ್ಲವೆಂದು ಉಳಿದ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಿದರು. ತಾರೀಕು ಗಮನಿಸಿ. ಆಗ ಪಕ್ಷ ಕಾನೂನುಬದ್ಧವಾಗಿತ್ತು, ಸರ್ಕಾರದ ಯುದ್ಧಕ್ಕೆ ಬೆಂಬಲ ಕೊಡುತ್ತಿತ್ತು. ಆ ಬೆಂಬಲ ನಾಲ್ಕು ರೈತರ ಕುತ್ತಿಗೆ ಉಳಿಸುವಷ್ಟೂ ಬೆಲೆ ಬಾಳಲಿಲ್ಲ. ನಿರಂಜನರ ‘ಚಿರಸ್ಮರಣೆ’ಯಿಂದ ಕಯ್ಯೂರು ಕನ್ನಡದವರ ಮನೆಮಾತಾಯಿತು. ನಮ್ಮ ಮನೆಯಲ್ಲಿ ಅದನ್ನು ತಂದವರು ದೊಡ್ಡಪ್ಪ, ಎರಡು ಸಲ ಓದಿದವರು ಅಪ್ಪ.

ಅದೇ ವರ್ಷ ಬಂಗಾಳದ ಬರಗಾಲ. ಜಪಾನೀಯರ ಕೈಗೆ ಸಿಗಬಾರದೆಂದು ಸರ್ಕಾರವೇ ಹಳ್ಳಿಗರ ದೋಣಿಗಳನ್ನು ಕಿತ್ತುಕೊಂಡಿತ್ತು. ಕಮ್ಯುನಿಸ್ಟರು ಗಂಜಿ ಕೇಂದ್ರ ನಡೆಸಿದರು, ಸುನಿಲ್ ಜಾನಾ ತೆಗೆದ ಫೋಟೋಗಳನ್ನು ತಮ್ಮ ‘ಪೀಪಲ್ಸ್ ವಾರ್’ ಪತ್ರಿಕೆಯಲ್ಲಿ ಅಚ್ಚು ಹಾಕಿ ದೇಶಕ್ಕೆ ತೋರಿಸಿದರು. ದೊಡ್ಡಪ್ಪ ಇಲ್ಲಿ ಚಾಳಿನಿಂದ ಚಾಳಿಗೆ ಡಬ್ಬಿ ಹಿಡಿದು ಚಂದಾ ಎತ್ತಿದರಂತೆ. ಆದರೆ ಪಕ್ಷದ ಬೈಗುಳದ ಹೆಚ್ಚು ಪಾಲು ಕಾಳದಂಧೆಯವರಿಗೆ ಹೋಯಿತು, ಯುದ್ಧ ನಡೆಸುತ್ತಿದ್ದ ಸರ್ಕಾರಕ್ಕೆ ಕಡಿಮೆ.

ಯುದ್ಧ ಮುಗಿದ ಮೇಲೆ ಎಲ್ಲ ತಲೆಕೆಳಗಾಯಿತು. 1946ರ ಫೆಬ್ರವರಿಯಲ್ಲಿ ಇಲ್ಲಿನ ನೌಕಾಪಡೆಯ ಹುಡುಗರು ಬಂಡೆದ್ದರು. ಅವರ ಬೆಂಬಲಕ್ಕೆ 22ರಂದು ಮುಷ್ಕರದ ಕರೆ ಕೊಟ್ಟವರು ಕಮ್ಯುನಿಸ್ಟರು. ಶರಣಾಗಿ ಎಂದು ಬುದ್ಧಿ ಹೇಳಿದವರು ಪಟೇಲರು. ಪರೇಲಿನ ಬೀದಿಗಳಲ್ಲಿ ಗುಂಡು ಹಾರಿತು. ಊರಲ್ಲಿ ಒಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಈ ಸಲ ಖೋಲಿಯ ಬಾಗಿಲು ಹಾಕಿಕೊಂಡು ಕೂತವರು ಜೈಲು ಕಂಡ ಅಪ್ಪ, ಬೀದಿಯಲ್ಲಿದ್ದವರು ದೊಡ್ಡಪ್ಪ. ರಾತ್ರಿ ಹನ್ನೊಂದಕ್ಕೆ ಅಪ್ಪ ಎದ್ದು, ಯಾರಿಗೂ ಹೇಳದೆ, ಕಂದೀಲು ಹಿಡಿದು ಅಣ್ಣನನ್ನು ಹುಡುಕಲು ಹೊರಟರಂತೆ.