ಟಾರುಲಾ ಎಂಬ ಹೆಸರಿನ ಹಿಂದೆ

ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿಗೆ ಹಾಕಿಟ್ಟ ಅಪ್ಪೆಮಿಡಿಯ ಭರಣಿ ತೆರೆದರೆ ಒಮ್ಮೊಮ್ಮೆ ಉಪ್ಪುನೀರಿನ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. "ಬೂಸಲು ಬಂದಿದೆ ಮಾರಾಯ್ತಿ, ಒಣ ಸೌಟಲ್ಲಿ ತೆಗೆದುಬಿಡು" ಎನ್ನುತ್ತಾರೆ ಮನೆಯ ಹಿರಿಯರು. ಸೌಟು ತಗುಲಿದ ಕಡೆ ಪೊರೆ ಸುಕ್ಕುಗಟ್ಟಿ ಹರಿಯುತ್ತದೆ. ಇಂಥ ಪೊರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಾಗಿ ಕಾಣುವುದು ದುಂಡು ದುಂಡು ಯೀಸ್ಟ್ ಕೋಶಗಳು. ಒಂದರ ಮಗ್ಗುಲಲ್ಲಿ ಇನ್ನೊಂದು ಮೊಗ್ಗೊಡೆಯುತ್ತಿರುತ್ತದೆ. ಈ ಬಗೆಯವುಗಳನ್ನು ವಿಜ್ಞಾನಿಗಳು ಬಹಳ ಕಾಲ ಟಾರುಲಾ ಎಂದು ಕರೆದರು.

ಆ ಹೆಸರು ಮೊದಲು ಯೀಸ್ಟಿನದಾಗಿರಲಿಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಶಿಲೀಂಧ್ರ ವಿಜ್ಞಾನಿ ಪರ್ಸೂನ್ ಅದನ್ನು ಇಟ್ಟದ್ದು ಒಣಗಿದ ಗಿಡದ ಕಡ್ಡಿಗಳ ಮೇಲೆ ಬೆಳೆಯುವ ಕಪ್ಪು ಶಿಲೀಂಧ್ರಕ್ಕೆ. ಅದರ ಬೀಜಕಗಳು ಮಣಿಸರದಂತೆ ಕೂಡಿಕೊಂಡಿರುತ್ತವೆ. ಆಮೇಲೆ ಹೆಸರು ಕೈ ಬದಲಾಯಿತು. 1876ರಲ್ಲಿ ಬಿಯರ್ ಕುರಿತು ಗ್ರಂಥ ಬರೆದ ಪಾಶ್ಚರ್ ಕೂಡ ಯೀಸ್ಟಿನಂಥ ಜೀವಿಗಳಿಗೆ ಇದನ್ನೇ ಬಳಸಿದ. ಯೀಸ್ಟಿನಂತೆ ಮೊಗ್ಗೊಡೆಯುತ್ತದೆ, ಆದರೆ ಚೀಲದೊಳಗೆ ಬೀಜಕ ಕಟ್ಟುವುದು ಕಾಣುವುದಿಲ್ಲ ಎನ್ನುವಂಥವೆಲ್ಲ ಈ ಹೆಸರಿನಡಿ ಬಂದು ಕುಳಿತವು. ಗೊಂದಲ ತಪ್ಪಿಸಲು ಟಾರುಲಾಪ್ಸಿಸ್ ಎಂಬ ಇನ್ನೊಂದು ಹೆಸರು ಹುಟ್ಟಿತು. 1978ರಲ್ಲಿ ಅದನ್ನೂ ಕ್ಯಾಂಡಿಡಾ ಎಂಬ ಯೀಸ್ಟು ಗುಂಪಿನೊಳಗೆ ಸೇರಿಸಿದರು. ನನಗನಿಸುವಂತೆ ಟಾರುಲಾ ಕುಲದ ಹೆಸರಾಗಿರಲಿಲ್ಲ, ರೂಪದ ಹೆಸರಾಗಿತ್ತು. ರೂಪದಿಂದ ಒಂದೇ ಮನೆಗೆ ಸೇರಿದವರು ವಂಶ ತಿಳಿದ ಮೇಲೆ ಬೇರೆ ಬೇರೆ ಮನೆಗೆ ಹೋಗಲೇಬೇಕು.

ಇಡ್ಲಿಹಿಟ್ಟಿನ ವಿಷಯ ನೋಡಿ. 1970ರ ದಶಕದಲ್ಲಿ ಸಂಶೋಧಕರು ಅದರಲ್ಲಿ ಟಾರುಲಾಪ್ಸಿಸ್ ಕ್ಯಾಂಡಿಡಾ ಎಂಬ ಯೀಸ್ಟನ್ನು ಗುರುತಿಸಿದರು. ಹಿಟ್ಟು ಉಬ್ಬುವುದಕ್ಕೆ ಮುಖ್ಯ ಕಾರಣ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಯೀಸ್ಟು ಜೊತೆಗಾರ. ಆ ಜೊತೆಗಾರನ ಇಂದಿನ ಹೆಸರು ಡೆಬಾರಿಯೊಮೈಸಿಸ್ ಹ್ಯಾನ್ಸೆನೈ. ಬೇರೆ ಜೀವಿಗಳು ಹಿಂಜರಿಯುವಷ್ಟು ಉಪ್ಪಿನಲ್ಲೂ ಬದುಕಬಲ್ಲದು, ಉಪ್ಪುನೀರಿನ ಬೂಸಲಿನಲ್ಲಿ ಮತ್ತೆ ಮತ್ತೆ ಸಿಗುವಂಥದು.

ಭದ್ರಾವತಿಯವರಿಗೆ ಇನ್ನೊಂದು ಟಾರುಲಾ ಹತ್ತಿರದ್ದೆನಿಸಬೇಕು. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರ ಭಟ್ಟಿ ಇಳಿಸುವ ಮಾತಿತ್ತು. 1936ರಲ್ಲಿ ಅಲ್ಲೇ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮರದಿಂದ ಏನೇನು ಹೊರಡುತ್ತದೆಂದು ಆ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಲ್ಫೈಟ್ ವಿಧಾನದಲ್ಲಿ ಮರ ಬೇಯಿಸಿ ತಿರುಳು ತೆಗೆದ ಮೇಲೆ ಉಳಿಯುವ ಕಂದು ನೀರಿನಲ್ಲಿ ಸಕ್ಕರೆಯ ಅಂಶವಿರುತ್ತದೆ. ಅದನ್ನು ತಿಂದು ಬೆಳೆಯುವ ಟಾರುಲಾ ಯುಟಿಲಿಸನ್ನು ಜರ್ಮನಿಯವರು ಯುದ್ಧಕಾಲದಲ್ಲಿ ಆಹಾರಕ್ಕಾಗಿ ಬೆಳೆಸಿದರು. ಕಾಕಂಬಿಯಲ್ಲೂ ಅದು ಬೆಳೆಯುತ್ತದೆ. ಈಗ ಅದು ಸೈಬರ್ಲಿಂಡ್ನೆರಾ ಜಾಡಿನೈ. ಆದರೆ ಸೂಪು, ಚಿಪ್ಸಿನ ಪೊಟ್ಟಣಗಳ ಮೇಲೆ ಇಂದಿಗೂ ಟಾರುಲಾ ಯೀಸ್ಟ್ ಎಂದೇ ಅಚ್ಚಾಗುತ್ತದೆ. ಒಣಗಿಸಿದ ಆ ಪುಡಿ ರುಚಿಗೂ ಪ್ರೋಟೀನಿಗೂ ಒಳ್ಳೆಯದು, ಹೆದರಬೇಕಾದ್ದಿಲ್ಲ.

ಹೆದರಬೇಕಾದದ್ದು ಬೇರೆ ಇದೆ. 1916ರಲ್ಲಿ ಟಾರುಲಾ ಹಿಸ್ಟೊಲಿಟಿಕಾ ಎಂದು ಹೆಸರಿಟ್ಟದ್ದು ಮಿದುಳಿನ ಪೊರೆಗೆ ಸೋಂಕು ತರುವ ಶಿಲೀಂಧ್ರಕ್ಕೆ. ಆ ಕಾಯಿಲೆಯನ್ನು ಹಳೆಯ ವೈದ್ಯಗ್ರಂಥಗಳು ಟಾರುಲೋಸಿಸ್ ಎನ್ನುತ್ತವೆ. ಇಂದಿನ ವೈದ್ಯರು ಆ ಶಿಲೀಂಧ್ರವನ್ನು ಕ್ರಿಪ್ಟೊಕಾಕಸ್ ಎನ್ನುತ್ತಾರೆ. ಪಾರಿವಾಳದ ಹಿಕ್ಕೆಯಲ್ಲಿ ಇರುವ ಇದು ಉಸಿರಿನೊಂದಿಗೆ ಒಳಹೋಗುತ್ತದೆ; ರೋಗನಿರೋಧಕ ಶಕ್ತಿ ಕುಂದಿದವರಿಗೆ ಪ್ರಾಣಾಪಾಯ. ತಟ್ಟೆಯಲ್ಲಿರುವುದಕ್ಕೂ ಮಿದುಳನ್ನು ಮುತ್ತುವುದಕ್ಕೂ ಒಂದೇ ಹೆಸರೆಂದರೆ ಸಣ್ಣ ಮಾತಲ್ಲ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಶಿವಮೊಗ್ಗದ ಕಾಲೇಜುಗಳಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದುವ ಮಕ್ಕಳಿಗೆ ನನ್ನ ಕೋರಿಕೆ ಇಷ್ಟೆ: ಹಳೆಯ ಪುಸ್ತಕದಲ್ಲಿ ಟಾರುಲಾ ಎಂದು ಕಂಡರೆ, ಅದರ ಎರಡನೆಯ ಪದ ಯಾವುದು, ಬರೆದ ವರ್ಷ ಯಾವುದು ಎಂದು ನೋಡದೆ ಮುಂದೆ ಹೋಗಬೇಡಿ.