ರಷ್ಯನ್ ಭಾಷೆಯ ಪ್ರಥಮ ಪಾಠ

ಮಾತೃಭಾಷೆಯು ಶ್ರಮವಿಲ್ಲದೆ ದೊರೆಯುತ್ತದೆ; ಪರಭಾಷೆಯನ್ನಾದರೋ ಅಭಿಮಾನವನ್ನು ತೆತ್ತು ಕೊಳ್ಳಬೇಕು. ಎಷ್ಟು ಓದಿದವನಾದರೂ ಹೊಸ ನುಡಿಯೆದುರು ಕುಳಿತಾಗ ಅಕ್ಕಿಯ ಮೇಲೆ ಬೆರಳಿಟ್ಟ ಬಾಲಕನೇ ಸರಿ.

ರಷ್ಯಕ್ಕೂ ಕನ್ನಡನಾಡಿಗೂ ಪರಿಚಯವು ಇಂದಿನದಲ್ಲ. ೧೫ನೆಯ ಶತಮಾನದಲ್ಲಿ ತ್ವೇರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನ್ ಎಂಬವನು ಕಡಲು ದಾಟಿ, ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಿಗೆ ಬಂದು, ತಾನು ತಂದಿದ್ದ ಕುದುರೆಯನ್ನು ಮಾರಿ, ಕಂಡುದನ್ನು ಬರೆದಿಟ್ಟನು. ಅಂದು ಅಲ್ಲಿಂದ ಇಲ್ಲಿಗೆ ವ್ಯಾಪಾರಕ್ಕಾಗಿ ಬಂದರು. ಇಂದು ಇಲ್ಲಿಂದ ಅಲ್ಲಿಗೆ ನಮ್ಮ ಮಕ್ಕಳು ವೈದ್ಯವಿದ್ಯೆಗಾಗಿ ಹೋಗುತ್ತಾರೆ.

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಕಡೆಯ ಅಡಿಕೆ ತೋಟದ ಮನೆಯೊಂದರಿಂದಲೂ ಹುಡುಗಿಯೊಬ್ಬಳು ಹಾಗೆ ಹೊರಡುವುದೆಂದು ನಿಶ್ಚಯವಾಯಿತು. ವ್ಯಾಸಂಗವು ಆರು ವರ್ಷಗಳದು. ಅಲ್ಲಿಯ ಅನೇಕ ವಿದ್ಯಾಲಯಗಳಲ್ಲಿ ಹೊರನಾಡಿನವರಿಗೆ ಪಾಠವು ಇಂಗ್ಲಿಷಿನಲ್ಲಿ ನಡೆಯುವುದಾದರೂ, ಮಂಚದ ಮೇಲಿನ ರೋಗಿಯು ತನ್ನ ನೋವನ್ನು ತನ್ನ ಭಾಷೆಯಲ್ಲಿಯೇ ಹೇಳುವನಷ್ಟೆ! ಆದುದರಿಂದ ಅವಳು ಮೊದಲೇ ರಷ್ಯನ್ ಅಕ್ಷರಗಳನ್ನು ತಿದ್ದತೊಡಗಿದಳು. ಹೊರಗೆ ಪುನರ್ವಸು ಮಳೆ ಹೊಯ್ಯುತ್ತಿರಲು, ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದ ಅಜ್ಜನೂ ಕನ್ನಡಕವೇರಿಸಿ ಪಕ್ಕದಲ್ಲಿ ಕುಳಿತನು.

ಅಕ್ಷರಗಳು ೩೩. ಇಂಗ್ಲಿಷ್ ಬಲ್ಲವರಿಗೆ ಇವು ಮೋಸಗಾರ ಅಕ್ಷರಗಳು: ‘ಪಿ’ಯಂತೆ ಕಾಣುವುದು ‘ರ’ಕಾರ, ‘ಸಿ’ಯಂತಿರುವುದು ‘ಸ’ಕಾರ, ‘ಎಚ್’ನಂತಿರುವುದು ‘ನ’ಕಾರ. ಊಟದ ಮನೆಯ ‘ರೆಸ್ತರಾನ್’ ಎಂಬ ಫಲಕವನ್ನು ಹಳೆಯ ಅಭ್ಯಾಸದಿಂದ ಓದಿದರೆ ‘ಪೆಕ್ಟೋಪಾ’ ಎಂದಾಗುತ್ತದೆ!

ಶಬ್ದಗಳು ಬಂದಾಗ ಅಜ್ಜನ ಮುಖವರಳಿತು. ಎರಡಕ್ಕೆ ‘ದ್ವಾ’, ಮೂರಕ್ಕೆ ‘ತ್ರೀ’, ಸೋದರನಿಗೆ ‘ಬ್ರಾತ್’, ವಿಧವೆಗೆ ‘ವ್ದವಾ’, ಜೇನಿಗೆ ‘ಮ್ಯೋದ್’. ಮನೆಯು ‘ದೋಮ್’, ನಮ್ಮ ‘ದಂಪತಿ’ ಶಬ್ದದೊಳಗೆ ಅಡಗಿರುವ ವೇದದ ‘ದಮ’ವೇ ಅದು. ಇವಾನನ ಮಗನು ‘ಇವಾನವಿಚ್’, ದಶರಥನ ಮಗನು ದಾಶರಥಿಯಾದಂತೆ. ಲಿಂಗಗಳು ಮೂರು, ವಿಭಕ್ತಿಗಳು ಆರು. ಪಂಚಮಿಯು ಷಷ್ಠಿಯಲ್ಲಿ ಲೀನವಾಗಿದೆ. ೧೮೫೫ರಿಂದ ೧೮೭೫ರವರೆಗೆ ಏಳು ಸಂಪುಟಗಳ ಸಂಸ್ಕೃತ–ಜರ್ಮನ್ ಮಹಾಕೋಶವು ಅಚ್ಚಾದುದೂ ಆ ದೇಶದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿಯೇ. “ಇದೆಲ್ಲ ನಮ್ಮದೇ ಅಲ್ಲವೇನೆ?” ಎಂದನು ಅಜ್ಜ.

“ಹಾಗಾದರೆ ‘ನಗಾ’ ಎಂದರೇನು ಅಜ್ಜಯ್ಯ?”

“ಪರ್ವತ. ಚಲಿಸದಿರುವುದು ನಗ.”

“ಅಲ್ಲ, ಕಾಲು!” ಎಂದು ಹುಡುಗಿ ನಕ್ಕಳು. ಚಲಿಸದಿರುವುದೆಂದು ವ್ಯುತ್ಪತ್ತಿ ಹೇಳಿದವನ ಮುಂದೆ ಶಬ್ದವೇ ಎದ್ದು ನಡೆದಂತಾಯಿತು. ಅಜ್ಜನೂ ನಕ್ಕನು, ಆದರೆ ಆ ದಿನದಿಂದ ಅರ್ಥವನ್ನು ಊಹಿಸುವುದನ್ನು ಬಿಟ್ಟು ಕೇಳತೊಡಗಿದನು.

ಬಂಧುತ್ವವು ಬಾಗಿಲನ್ನು ತೆರೆಯುತ್ತದೆ, ಒಳಗಿನ ದಾರಿಯನ್ನು ತೋರಿಸಲಾರದು. ಈ ಭಾಷೆಯಲ್ಲಿ ಬರೆಯುವುದು ‘ನೊಗಾ’. ಆಘಾತವಿಲ್ಲದ ‘ಒ’ಕಾರವು ‘ಅ’ಕಾರವಾಗಿ ‘ನಗಾ’ ಎಂದು ಕೇಳಿಸುತ್ತದೆ. ‘ಜಾಮಕ್’ ಎಂದರೆ ಕೋಟೆ, ‘ಜಮೋಕ್’ ಎಂದರೆ ಬೀಗ. ಬರವಣಿಗೆಯೊಂದೇ, ಆಘಾತದ ಸ್ಥಾನ ಬೇರೆ. ಸ್ವರ ತಪ್ಪಿದ ‘ಇಂದ್ರಶತ್ರು’ ಶಬ್ದದಿಂದ ವೃತ್ರನಿಗೊದಗಿದ ಗತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಾಕ್ಯರಚನೆಯಲ್ಲಿ ನೆರವಿಗೆ ಬಂದುದು ಮನೆಯ ಕನ್ನಡ. ‘ಏತ ದೋಮ್’ ಎಂದರೆ ‘ಇದು ಮನೆ’; ಎರಡರಲ್ಲಿಯೂ ಕ್ರಿಯಾಪದ ಬೇಕಿಲ್ಲ. ‘ಉ ಮೆನ್ಯಾ ಯೇಸ್ತ್ ಕ್ನೀಗಾ’ ಎಂದರೆ ‘ನನ್ನ ಬಳಿ ಪುಸ್ತಕವಿದೆ’. ‘ನಾನು ಹೊಂದಿದ್ದೇನೆ’ ಎಂಬ ಒಡೆತನದ ಮಾತು ಅಲ್ಲಿಯೂ ಸಹಜವಲ್ಲ, ಇಲ್ಲಿಯೂ ಅಲ್ಲ. ವಸ್ತುವು ಮನುಷ್ಯನ ಬಳಿಯಲ್ಲಿರುತ್ತದೆ, ಅಷ್ಟೆ. ‘ನೀನು’, ‘ನೀವು’ ಎಂಬ ಭೇದವೂ ಅಲ್ಲಿ ಉಂಟು. ಹಿರಿಯ ರೋಗಿಯನ್ನು ಬಹುವಚನದಿಂದಲೇ ಮಾತಾಡಿಸಬೇಕೆಂಬುದನ್ನು ಹುಡುಗಿಗೆ ಬೇರೆಯಾಗಿ ಕಲಿಸಬೇಕಾಗಲಿಲ್ಲ.

ನೋವನ್ನು ಹೇಳುವ ಕ್ರಮವೂ ಅದೇ: ‘ಉ ಮೆನ್ಯಾ ಬಲೀತ್ ನಗಾ’, ‘ನನಗೆ ಕಾಲು ನೋಯುತ್ತಿದೆ’. ಈ ನಾಲ್ಕು ಪದಗಳನ್ನು ಕೇಳಿದಾಗ ಪರ್ವತವನ್ನು ನೆನೆಯದೆ ಕಾಲಿನತ್ತ ಕೈನೀಡುವಳಾದರೆ ಅವಳ ಭಾಷಾಭ್ಯಾಸವು ಸಾರ್ಥಕ. ಅಜ್ಜನಿಗಾದರೋ ರೋಗಿಗಳೂ ಇಲ್ಲ, ಪ್ರಯಾಣವೂ ಇಲ್ಲ. ಮನೆಯ ಮಗು ಆರು ವರ್ಷ ಬಾಳಲಿರುವ ಊರಿನ ಮಾತು ತನಗೆ ಪೂರ್ತಿಯಾಗಿ ಪರದೇಶವಾಗದಿರಲೆಂಬುದೇ ಅವನ ಪ್ರಯೋಜನ. ವಿದ್ಯೆಗೆ ಇದಕ್ಕಿಂತ ಸಣ್ಣ ಫಲವೂ ಇರಬಹುದು. ಆದರೆ ಇದು ಸಣ್ಣದಲ್ಲ.