ತಪ್ಪಿದ ದ್ವಾರ

ಪಾದಗಳಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು ಹಿಮಪರ್ವತದ ಇಳಿಜಾರಿನಲ್ಲಿ ಜಾರಿಬರುವ ಸ್ಕೀ ಕ್ರೀಡೆಯಲ್ಲಿ ಸ್ಲಾಲಮ್ ಎಂಬುದೊಂದು ಸ್ಪರ್ಧೆಯುಂಟು. ಅಲ್ಲಿ ವೇಗವೊಂದೇ ಸಾಲದು. ಹಿಮದಲ್ಲಿ ನೆಟ್ಟ ಕಂಬಗಳ ನಡುವಣ ದ್ವಾರಗಳೆಲ್ಲವನ್ನೂ ಕ್ರಮವಾಗಿ ಹಾದುಬರಬೇಕು. ಒಂದನ್ನು ಬಿಟ್ಟರೂ ಆ ಓಟವು ಲೆಕ್ಕಕ್ಕೆ ಬಾರದು. ಎರಡು ಓಟಗಳ ಕಾಲವನ್ನು ಕೂಡಿಸಿ ಜಯವನ್ನು ನಿರ್ಣಯಿಸುವರು.

ಈ ವಿದ್ಯೆಯಲ್ಲಿ ಕೀರ್ತಿಗಳಿಸಿದ ಆಂಡ್ರಿಯಾ ಮೀಡ್ ಲಾರೆನ್ಸ್ ಎಂಬಾಕೆಯು 1932ರ ಏಪ್ರಿಲ್ 19ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ಜನಿಸಿದಳು. ತಂದೆತಾಯಿಗಳು ಪೈಕೋ ಶಿಖರದಲ್ಲಿ ಸ್ಕೀ ಕ್ಷೇತ್ರವನ್ನು ನಡೆಸುತ್ತಿದ್ದುದರಿಂದ ಹಿಮವೇ ಆಕೆಗೆ ಬಾಲ್ಯದ ಅಂಗಳವಾಯಿತು. ತನ್ನ 15ನೆಯ ವಯಸ್ಸಿನಲ್ಲಿಯೇ, 1948ರ ಸೇಂಟ್ ಮಾರಿಟ್ಸ್ ಒಲಿಂಪಿಕ್ ಕೂಟದಲ್ಲಿ ಸ್ಪರ್ಧಿಸಿದಳು.

1952ರಲ್ಲಿ ಆಸ್ಲೋ ಕೂಟವು ನಡೆದಾಗ ಆಕೆಗೆ 19 ವರ್ಷ. ಜೈಂಟ್ ಸ್ಲಾಲಮ್‌ನಲ್ಲಿ ಸ್ವರ್ಣಪದಕವು ದೊರೆತಿತ್ತು. ಬಳಿಕ ಸ್ಲಾಲಮ್‌ನ ಮೊದಲ ಓಟದಲ್ಲಿ ಹಲಗೆಯು ಕಂಬಕ್ಕೆ ಸಿಕ್ಕಿ ಆಕೆಯು ಬಿದ್ದಳು, ದ್ವಾರವೂ ತಪ್ಪಿತು. ಅರೆಕ್ಷಣವೂ ಅಮೂಲ್ಯವಾದ ಆ ಸಮಯದಲ್ಲಿ ಎದ್ದು, ಇಳಿಜಾರನ್ನು ಮರಳಿ ಹತ್ತಿ, ತಪ್ಪಿದ ದ್ವಾರವನ್ನು ಹಾದು ಕೆಳಗಿಳಿದಳು. ಆ ಓಟದಲ್ಲಿ ನಾಲ್ಕನೆಯ ಸ್ಥಾನವು ಬಂದಿತು. ಎರಡನೆಯದರಲ್ಲಿ ಎಲ್ಲರನ್ನೂ ಮೀರಿದ ವೇಗದಿಂದ ಬಂದು, ಒಟ್ಟಿನಲ್ಲಿ 0.8 ಸೆಕೆಂಡಿನ ಅಂತರದಿಂದ ಇನ್ನೊಂದು ಸ್ವರ್ಣವನ್ನು ಗೆದ್ದಳು. ಮೇಲಕ್ಕೇರಲು ವ್ಯಯವಾದ ಕಾಲವು ವ್ಯರ್ಥವಾಗಲಿಲ್ಲ. ಅದಿಲ್ಲದೆ ಜಯವೇ ಇರುತ್ತಿರಲಿಲ್ಲ.

ಮೂರು ಮಕ್ಕಳ ತಾಯಿಯಾದ ಮೇಲೆಯೂ ಆಕೆಯು 1956ರ ಕೋರ್ಟಿನಾ ಕೂಟದಲ್ಲಿ ಜೈಂಟ್ ಸ್ಲಾಲಮ್‌ನ ನಾಲ್ಕನೆಯ ಸ್ಥಾನವನ್ನು ಹಂಚಿಕೊಂಡಳು.

ಪದಕಗಳೊಡನೆ ಬಾಳು ಮುಗಿಯಲಿಲ್ಲ. 1968ರಲ್ಲಿ ಐದು ಮಕ್ಕಳೊಡನೆ ಕ್ಯಾಲಿಫೋರ್ನಿಯದ ಮ್ಯಾಮತ್ ಲೇಕ್ಸ್‌ಗೆ ಬಂದು ನೆಲೆಸಿದಳು. ಅಲ್ಲಿ ಪರ್ವತದ ಮಡಿಲಲ್ಲಿ ಬಹು ಅಂತಸ್ತಿನ ಕಟ್ಟಡಗಳೇಳುವ ಸಂಭವವೊದಗಲು, ಸಮಾನಮನಸ್ಕರೊಡನೆ ‘ಫ್ರೆಂಡ್ಸ್ ಆಫ್ ಮ್ಯಾಮತ್’ ಎಂಬ ಸಂಘವನ್ನು ಕಟ್ಟಿದಳು. ಅದರ ವ್ಯಾಜ್ಯದಲ್ಲಿ 1972ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು, ಸರ್ಕಾರದ ಅನುಮತಿಯನ್ನು ಬೇಡುವ ಖಾಸಗಿ ನಿರ್ಮಾಣಗಳಿಗೂ ಪರಿಸರ ಪರಿಣಾಮದ ಪೂರ್ವವಿಚಾರಣೆಯು ಅವಶ್ಯವೆಂದು ತೀರ್ಪಿತ್ತಿತು. ಧನಿಕರು ತಮಗೆ ಬೇಡವಾದ ದ್ವಾರವನ್ನು ಬಿಟ್ಟು ಓಡುವಂತಿಲ್ಲವೆಂಬುದೇ ಅದರ ತಾತ್ಪರ್ಯವಲ್ಲವೆ? ಮುಂದೆ ಆಕೆಯು ಮೋನೋ ಕೌಂಟಿಯ ಆಡಳಿತ ಮಂಡಲಿಯಲ್ಲಿ 16 ವರ್ಷ ಸದಸ್ಯಳಾಗಿದ್ದಳು.

2009ರ ಮಾರ್ಚಿಯಲ್ಲಿ ಆಕೆಯು ತೀರಿಕೊಂಡಳು. 2013ರಲ್ಲಿ ಸಿಯೆರಾ ನೆವಾಡಾ ಶ್ರೇಣಿಯ ಶಿಖರವೊಂದಕ್ಕೆ ಆಕೆಯ ಹೆಸರನ್ನಿಡಲಾಯಿತು. ಇಳಿಯುವುದರಲ್ಲಿ ಕೀರ್ತಿಪಡೆದವಳ ಹೆಸರು ಶಿಖರಕ್ಕೆ ಸಂದುದು ಉಚಿತವೇ. ಏರಬೇಕಾದಾಗ ಏರಲು ಆಕೆಯು ಅಂಜಿದವಳಲ್ಲ.